ಡಾಂಬರಿನ ಕಣ

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಗೆ ಅಂಟಿಕೊಂಡ ದುರುಗವ್ವನಹಟ್ಟಿಯಲ್ಲಿ ದ್ಯಾಮಕ್ಕನನ್ನು ಅರಿಯದ ಬಸ್ ಡ್ರೈವರ್ ಇರಲಿಲ್ಲ. ಸುಗ್ಗಿ ಬಂತೆಂದರೆ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೀರಿಹೋದ ಗಂಡನ ಹಳೆಯ ಟವೆಲ್ಲನ್ನು ತಲೆಗೆ ಸುತ್ತಿ, ಕವೆಗೋಲು ಹಿಡಿದು ರಸ್ತೆಯ ಅಂಚಿಗೆ ನಿಂತುಬಿಡುವಳು. ಡಾಂಬರಿನ ಮೇಲೆ ಒಣಗಿದ ಹುರುಳಿ ಗಿಡ ಹಾಸಿರುತ್ತಿತ್ತು. ಬಸ್ಸು ಅದರ ಮೇಲೆ ಹಾಯ್ದು ಹೋದರೆ "ನಿನ್ನ ಹೊಟ್ಟಿ ತಣ್ಣಗಿರಲಪ್ಪ" ಎನ್ನುವಳು. ಹುರುಳಿ ತಪ್ಪಿಸಿ ಪಕ್ಕಕ್ಕೆ ಹೊರಳಿಸಿಕೊಂಡು ಹೋದ ಕಾರಿನವನಿಗೆ, "ಯಾಕೋ ಯಪ್ಪಾ, ನಿನ್ನ ಗಾಡಿ ಕಾಲಿಗೆ ಮುಳ್ಳು ಚುಚ್ಚತಾವೇನು?" ಎಂದು ಕೂಗುವಳು.

ರಸ್ತೆಯಲ್ಲಿ ಒಕ್ಕಣೆ ಮಾಡಬಾರದಂತೆ ಎಂದು ಯಾರಾದರೂ ಕಾನೂನು ತೆಗೆದರೆ ಆಕೆಯ ಉತ್ತರ ಸಿದ್ಧವಿರುತ್ತಿತ್ತು: "ಮೊದಲು ನಮ್ಮ ಕಣದ ಮ್ಯಾಲ ರಸ್ತಿ ಬಂತು. ಈಗ ರಸ್ತಿ ಮ್ಯಾಲ ನಮ್ಮ ಕಣ ಬಂದೈತಿ. ಇಬ್ಬರದೂ ಸರಿಹೋತು."

ಮಾತು ಸುಳ್ಳಲ್ಲ. ತಂಬ್ರಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ದ್ಯಾಮಕ್ಕ ಸೆಗಣಿ ಬಳಿದು ನುಣ್ಣಗೆ ಮಾಡಿದ ಕಣ ಇದ್ದದ್ದು ಈಗ ಬಸ್ಸು ಓಡಾಡುವ ಜಾಗದಲ್ಲೇ. ನಡುವೆ ಮೇಟಿಕಂಬ, ಸುತ್ತ ತಿರುಗುವ ಎತ್ತು, ಎತ್ತಿನ ಹಿಂದೆ ಹಾಡಿಕೊಂಡು ನಡೆಯುವ ಗಂಡ ದುರುಗಣ್ಣ. ರಸ್ತೆ ಅಗಲವಾದಾಗ ಕಣ ಹೋಯಿತು. ಜ್ವರದಲ್ಲಿ ದುರುಗಣ್ಣ ಹೋದ. ಆಮೇಲೆ ಎತ್ತೂ ಹೋದವು. ಒಕ್ಕುವ ಮಷಿನ್ನಿನವರು ದೊಡ್ಡ ಹೊಲದವರ ಮನೆಗೆ ಬಂದರೆ ಸಂಜೆಯತನಕ ಕೆಲಸ ಸಿಗುತ್ತದೆ. ಎರಡೆಕರೆ ಹುರುಳಿಗೆಂದು ದ್ಯಾಮಕ್ಕನ ಬಾಗಿಲಿಗೆ ಯಾರು ಬರುತ್ತಾರೆ? ಹಾಗಾಗಿ ಊರಿನ ಸಣ್ಣ ರೈತರೆಲ್ಲ ಡಾಂಬರನ್ನೇ ಕಣ ಮಾಡಿಕೊಂಡರು. ಅದಕ್ಕೂ ಒಂದು ಕಟ್ಟಳೆ ಬೆಳೆಯಿತು. ಕೊಟ್ಟೂರಿನ ಕಡೆಯಿಂದ ಬಂದರೆ ಮೊದಲು ಸಿಗುವ ಹುಣಸೆಮರದಿಂದ ಮೋರಿಯವರೆಗೆ ದ್ಯಾಮಕ್ಕನ ಕಣ. ಬಸ್ ನಿಲ್ಲುವ ಕಟ್ಟೆಯಿಂದ ಶಾಲೆಯವರೆಗೆ ಕೊಟ್ರಬಸಪ್ಪನದು. ನಡುವಿನ ತಿರುವಿನಲ್ಲಿ ಮಾತ್ರ ಯಾರೂ ಹಾಸುತ್ತಿರಲಿಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡುವುದೂ ಇರಲಿಲ್ಲ.

ರಸ್ತೆಯ ಅರ್ಧಕ್ಕೆ ಬೆಳೆ ಹಾಸುವುದು, ಉಳಿದರ್ಧಕ್ಕೆ ಸಾಲಾಗಿ ಕಲ್ಲಿಡುವುದು. ಕಲ್ಲಿಲ್ಲದಿದ್ದರೆ ಗಾಡಿಗಳು ಬೆಳೆ ತಪ್ಪಿಸಿ ಖಾಲಿ ಕಡೆಯಿಂದ ನುಸುಳುತ್ತವೆ, ಕಾಯಿ ಒಡೆಯುವುದಿಲ್ಲ. ಸಂಜೆ ಬೆಳೆ ತೆಗೆದಾಗ ಕಲ್ಲನ್ನೂ ತೆಗೆಯಬೇಕು. ತೆಗೆಯುತ್ತಿದ್ದರು, ಬಹಳ ದಿನ. ನಾಳೆಗೂ ಬೇಕು ಅನ್ನಿಸಿದ ದಿನ ಬಿಡುತ್ತಿದ್ದರು. ಏನೂ ಆಗಿರಲಿಲ್ಲವಲ್ಲ.

ದ್ಯಾಮಕ್ಕನ ಒಬ್ಬನೇ ಮಗ ಹುಲುಗೇಶ. ಕೊಟ್ಟೂರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಹೆಂಡತಿ ಗೀತಮ್ಮ ಹಿರೇಹಡಗಲಿಯವಳು. ಕಡಿಮೆ ಮಾತು, ಹೆಚ್ಚು ಕೆಲಸ. ಒಬ್ಬಳು ಮಗಳು, ಹೆಸರು ದುರ್ಗಿ. ಸುಗ್ಗಿಯ ದಿನಗಳಲ್ಲಿ ಹುಲುಗೇಶ ಸಂಜೆ ಬೈಕಿನಲ್ಲಿ ಬರುವಾಗ ಹುಣಸೆಮರದ ಹತ್ತಿರ ನಿಧಾನ ಮಾಡಿ, ಎರಡೂ ಕಾಲು ನೆಲಕ್ಕಿಟ್ಟು, "ಯವ್ವಾ, ಟೋಲ್ ಎಷ್ಟು?" ಎನ್ನುವನು.

"ಎಲಿ ತಂದೀಯೇನು? ತಂದಿದ್ರ ಮುಂದ ಹೋಗು. ಇಲ್ಲಾಂದ್ರ ಗಾಡಿ ಕೊಟ್ಟೂರಿಗೇ ತಿರುಗಿಸು."

ಅವನು ಅಂಗಿಯ ಜೇಬಿನಿಂದ ವೀಳ್ಯದೆಲೆಯ ಪೊಟ್ಟಣ ತೆಗೆದು ಎಸೆಯುವನು. ಅವಳು ಸೆರಗೊಡ್ಡಿ ಹಿಡಿಯುವಳು. ದಿನವೂ ಇದೇ ಆಟ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ದ್ಯಾಮಕ್ಕ ಹುರುಳಿಯ ಹೊರೆ ಹೊತ್ತು ಬಂದಾಗ ಹುಣಸೆಮರದ ಕೆಳಗೆ ಕೊಟ್ರಬಸಪ್ಪ ಆಗಲೇ ತನ್ನ ಬೆಳೆ ಹಾಸಿ, ಮೀಸೆ ತಿರುವುತ್ತಾ ನಿಂತಿದ್ದ.

"ಲೇ ಕೊಟ್ರಾ, ಕಣ್ಣು ಎಲ್ಲಿಟ್ಟು ಬಂದೀಯೋ? ಇದು ನನ್ನ ಕಣ."

"ಅಕ್ಕಾ, ನನ್ನ ಜಾಗದಾಗ ರಸ್ತಿ ಕೆಲಸದವ್ರು ಜಲ್ಲಿ ಸುರುವಿ ಹೋಗ್ಯಾರ. ಎರಡು ದಿನ ಹೊಂದಿಸ್ಕೋ."

"ಇವತ್ತು ಕಣ ಕೇಳ್ತಿ, ನಾಳಿ ಮನ್ಯಾಗ ಜಾಗ ಕೇಳ್ತಿ."

"ನಿನ್ನ ಮನ್ಯಾಗ ಜಾಗ ಎಲ್ಲೈತಿ? ನಿನ್ನ ಬಾಯಿಗೇ ಸಾಲಂಗಿಲ್ಲ."

ಸುತ್ತ ಇದ್ದವರು ನಕ್ಕರು. ದ್ಯಾಮಕ್ಕನೂ ನಕ್ಕಳು. ಹೊರೆ ಹೊತ್ತುಕೊಂಡೇ ಮುಂದೆ ನಡೆದು, ಯಾರೂ ಹಾಸದ ತಿರುವಿನಲ್ಲಿ ಇಳಿಸಿದಳು. ಒಂದೆರಡು ದಿನದ ಮಾತು ಎಂದುಕೊಂಡಳು.

ಸಂಜೆಯಾಗುವಷ್ಟರಲ್ಲಿ ಅರ್ಧ ಹುರುಳಿ ಒಕ್ಕಾಗಿತ್ತು. ಉಳಿದದ್ದನ್ನು ರಸ್ತೆಯ ಪಕ್ಕಕ್ಕೆ ಒಟ್ಟಿ ತಾಡಪಾಲು ಮುಚ್ಚಿದರು. ದ್ಯಾಮಕ್ಕ ಸಾಲಿನ ಮೊದಲ ಕಲ್ಲಿಗೆ ಬಾಗಿ ಎರಡೂ ಕೈ ಹಾಕಿದಳು, ಸೊಂಟ ಹಿಡಿದುಕೊಂಡಿತು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದ ಗೀತಮ್ಮ, "ಬಿಡ್ರಿ ಅತ್ತಿ. ನಾಳಿ ಮತ್ತ ಇಡಬೇಕಲ್ಲ. ದುರ್ಗಿ ಮೈ ಬೆಚ್ಚಗೈತಿ, ಮನಿಗೆ ಬರ್ರಿ" ಎಂದಳು.

ದ್ಯಾಮಕ್ಕ ಕಲ್ಲು ಬಿಟ್ಟಳು. ಮಗುವಿನ ಹಣೆ ಮುಟ್ಟಿ ನೋಡಿ, ಸೊಸೆಯ ಹಿಂದೆ ಮನೆಗೆ ನಡೆದಳು.

ರೊಟ್ಟಿ ತಟ್ಟುತ್ತಿದ್ದಾಗ ಸದ್ದು ಕೇಳಿಸಿತು. ಬೈಕಿನ ಸದ್ದು ಹತ್ತಿರ ಬರುತ್ತಾ ಬರುತ್ತಾ ಇದ್ದದ್ದು ಒಮ್ಮೆಲೇ ನಿಂತುಹೋಯಿತು. ಆಮೇಲೆ ಡಾಂಬರಿನ ಮೇಲೆ ತಗಡು ಕೆರೆದಂಥ ಉದ್ದನೆಯ ಶಬ್ದ. ಹಿಟ್ಟಿನ ಕೈಯಲ್ಲೇ ಓಡಿದಳು. ತಿರುವಿನಲ್ಲಿ ಆಮೇಲೆ ಬಂದ ಲಾರಿಯೊಂದು ಎದುರಿಗೆ ದೀಪ ಉರಿಸಿಕೊಂಡು ನಿಂತಿತ್ತು. ಆ ಬೆಳಕಿನಲ್ಲಿ ಹುಲುಗೇಶ ಹುರುಳಿ ಹೊಟ್ಟಿನ ಮೇಲೆ ಮಲಗಿದ ಹಾಗೆ ಬಿದ್ದಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ಕಿವಿಯಿಂದ ಮಾತ್ರ ರಕ್ತ ತೆಳ್ಳಗೆ ಇಳಿಯುತ್ತಿತ್ತು. ಎಲೆಯ ಪೊಟ್ಟಣ ಬಿಚ್ಚಿ ವೀಳ್ಯದೆಲೆಗಳು ರಸ್ತೆಯ ತುಂಬ ಹರಡಿದ್ದವು.

ಆಂಬುಲೆನ್ಸು ಬಂತು. ತಾಯಿ, ಹೆಂಡತಿ ಇಬ್ಬರೂ ಅದರಲ್ಲಿ ಹತ್ತಿ ದಾವಣಗೆರೆಯ ಆಸ್ಪತ್ರೆಗೆ ಹೋದರು. ಅವರು ಹೋದ ಮೇಲೆ ಊರ ಗಂಡಸರು ಮಾಡಿದ ಕೆಲಸವೊಂದೇ. ಕಲ್ಲುಗಳನ್ನೆಲ್ಲ ಎತ್ತಿ ಚರಂಡಿಯ ಆಚೆ ಜಾಲಿಯ ಪೊದೆಗೆ ಎಸೆದರು. ಹೊಟ್ಟನ್ನು ಗುಡಿಸಿದರು. ದ್ಯಾಮಕ್ಕನ ಮೇಲೆ ಕೇಸು ಬರಬಾರದು, ಆ ಮುದುಕಿಗೆ ಇದೊಂದು ಸಾಲದೇ ಎಂದುಕೊಂಡೇ ಮಾಡಿದರು. ಪೊಲೀಸರು ಬಂದಾಗ ರಸ್ತೆ ಹಬ್ಬದ ಅಂಗಳದ ಹಾಗೆ ಸ್ವಚ್ಛವಾಗಿತ್ತು. ಒಬ್ಬನೇ ಬಂದ, ಒಬ್ಬನೇ ಬಿದ್ದ ಎಂದು ಬರೆದುಕೊಂಡರು. ಅತಿವೇಗ, ಅಜಾಗರೂಕತೆ.

ದಾವಣಗೆರೆಯ ಡಾಕ್ಟರು ಒಳ್ಳೆಯವರು. ಸುಳ್ಳು ಹೇಳಲಿಲ್ಲ. "ಜೀವ ಉಳಿದೈತಿ. ಇದಕ್ಕಿಂತ ಹೆಚ್ಚು ಆಸೆ ಇಟ್ಕಬ್ಯಾಡ್ರಿ ತಾಯಿ" ಎಂದರು. ಹುಲುಗೇಶ ಬೇಸಿಗೆಯ ಹೊತ್ತಿಗೆ ಮನೆಗೆ ಬಂದ. ಕಣ್ಣು ತೆರೆದಿರುತ್ತಿತ್ತು. ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ನೀರು. ಬೆನ್ನಿಗೆ ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು. ದ್ಯಾಮಕ್ಕ ತಲೆಯ ಕಡೆ, ಗೀತಮ್ಮ ಸೊಂಟದ ಕಡೆ. "ಹೂಂ" ಎಂದು ಗೀತಮ್ಮ ಅಂದಾಗ ಇಬ್ಬರೂ ಎತ್ತುವರು. ಮೊದಮೊದಲು ಅತ್ತೆ ಸೊಸೆ ಅವನ ಕಿವಿಯ ಹತ್ತಿರ ಮಾತಾಡುತ್ತಿದ್ದರು, ಕೊಟ್ಟೂರಿನ ಅಂಗಡಿಯ ಸುದ್ದಿ, ಮಗಳ ತಂಟೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೂ ನಿಂತಿತು. ದುರ್ಗಿ ಅಪ್ಪನ ಮಂಚವನ್ನೇ ಬಸ್ಸು ಮಾಡಿಕೊಂಡು, ಕಾಲ ಹತ್ತಿರ ಕುಳಿತು "ಕೊಟ್ಟೂರು, ಕೊಟ್ಟೂರು, ಹತ್ರಿ" ಎಂದು ಕೂಗುತ್ತಿದ್ದಳು.

ದ್ಯಾಮಕ್ಕ ಎಲೆ ಹಾಕುವುದನ್ನು ಬಿಟ್ಟಳು. ಬಾಯಿಯ ಕೆಂಪು ಹೋಗಿ ತುಟಿ ಬಿಳಿಚಿಕೊಂಡಿತು. ಮಾತೂ ಹಾಗೇ ಆಯಿತು. ಊರಿನಲ್ಲಿ ಒಬ್ಬರಾದರೂ "ನೀನಿಟ್ಟ ಕಲ್ಲು" ಎಂದು ಬೈಯಲಿ ಎಂದು ಕಾದಳು. ಯಾರೂ ಬೈಯಲಿಲ್ಲ. ಬೈಯುವುದು ಹೇಗೆ? ಎಲ್ಲರೂ ಇಟ್ಟವರೇ. "ಹಣೆಬರ ಬೇ" ಎಂದು ತಲೆ ತಗ್ಗಿಸಿ ಹೋಗುವರು.

ಆಮೇಲೆ ಒಂದು ದಿನ ಗಿರಣಿಯಲ್ಲಿ ಜೋಳ ಬೀಸಿಸಲು ನಿಂತಿದ್ದಾಗ, ಪಕ್ಕದೂರಿನ ಹೆಂಗಸೊಬ್ಬಳು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಆ ಹುಲುಗೇಶನ ಕತಿ ಗೊತ್ತಿಲ್ಲೇನು? ಮೊಬೈಲ್ ನೋಡಿಕೋತ ಗಾಡಿ ಹೊಡದ್ನಂತ. ಈಗಿನ ಹುಡುಗ್ರಿಗೆ ಹೆಂಡ್ತಿ ಮಕ್ಕಳ ಖಬರಾದ್ರೂ ಬ್ಯಾಡೇನು?"

ಯಾರು ಹೇಳಿದ್ದೆಂದು ಕೇಳಿದರೆ ಆಕೆ ಕೊಟ್ರಬಸಪ್ಪನ ಹೆಸರೆತ್ತಿದಳು. ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ದ್ಯಾಮಕ್ಕ ನೆಟ್ಟಗೆ ಅವನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ.

"ಮೊಬೈಲ್ ಅಂತ ಹಬ್ಬಿಸಿದವ್ರು ಯಾರೋ? ಮೂಲ ನಿನ್ನ ಬಾಯಿ ಅಂತಾರ."

ಕೊಟ್ರಬಸಪ್ಪ ಹಗ್ಗ ಕೆಳಗಿಟ್ಟ.

"ಅವತ್ತು ಅವನು ಹುಣಸಿಮರದ ಹತ್ರ ಗಾಡಿ ನಿಧಾನ ಮಾಡಿದ ಅಕ್ಕ. ನಿನ್ನನ್ನ ಹುಡುಕಿದ. 'ಮಾವ, ನಮ್ಮದು ಮುಗೀತೇನು?' ಅಂದ. ನೀವು ಮನಿಗೆ ಹೋಗಿದ್ರಿ. 'ಮುಗೀತು ನಡಿ' ಅಂದೆ ನಾನು." ಅವನು ತನ್ನ ಅಂಗೈ ನೋಡಿಕೊಂಡ. "ಮುಗೀತು ಅಂದಿದ್ಕ ಗಾಡಿ ಜೋರು ಮಾಡಿದ. ತಿರುವಿನಾಗ ಕಲ್ಲು ಐತಿ ಅಂತ ನನಗ ಹೊಳೀಲೇ ಇಲ್ಲ. ಪೊಲೀಸ್ರು ಕೇಳಿದಾಗ ಏನು ಹೇಳಬೇಕು? ಮೊಬೈಲ್ ಇರಬೇಕು ಅಂದೆ. ಮೊಬೈಲ್ ಅಂದ್ರ ಮೊಬೈಲಿನ ತಪ್ಪಾಗತೈತಿ. ಯಾರ ತಪ್ಪೂ ಆಗಂಗಿಲ್ಲ."

"ಅವನ ತಪ್ಪಾಗತೈತಲ್ಲೋ."

ಕೊಟ್ರಬಸಪ್ಪ ಮತ್ತೆ ಹಗ್ಗ ಕೈಗೆತ್ತಿಕೊಂಡ. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ಚಹಾ ಆರಿ ಕೆನೆ ಕಟ್ಟಿತು.

ಅವತ್ತಿನಿಂದ ದ್ಯಾಮಕ್ಕನಿಗೆ ಬೇರೆ ಆಸೆ ಉಳಿಯಲಿಲ್ಲ. ಮಗ ಏಳುವುದಿಲ್ಲ; ಅದು ಅವಳಿಗೆ ಗೊತ್ತಾಗಿತ್ತು. ಆದರೆ ಅವನ ಮೇಲೆ ಕೂತ ತಪ್ಪನ್ನಾದರೂ ಇಳಿಸಿ ತನ್ನ ತಲೆಗೆ ಇಟ್ಟುಕೊಳ್ಳಬೇಕು. ನಾಳೆ ದುರ್ಗಿ ದೊಡ್ಡವಳಾಗಿ ನಮ್ಮಪ್ಪ ಹೆಂಗ ಬಿದ್ದ ಎಂದು ಕೇಳಿದರೆ ಊರು ಸುಳ್ಳು ಹೇಳಬಾರದು.

ಇದರ ಅಡಿಯಲ್ಲಿ ಇನ್ನೊಂದು ಭಯವಿತ್ತು. ಅದನ್ನು ಅವಳು ತನ್ನೊಳಗೂ ಗಟ್ಟಿಯಾಗಿ ಆಡಿಕೊಳ್ಳುತ್ತಿರಲಿಲ್ಲ. 'ಬಿಡ್ರಿ ಅತ್ತಿ' ಎಂದ ಮಾತು ಗೀತಮ್ಮನ ನೆನಪಿಗೆ ಬರಬಾರದು. ಮಗುವಿಗೆ ಜ್ವರ ಬಂದ ತಾಯಿ ಆಡಿದ ಮಾತು ಅದು. ನೆನಪಾದರೆ ಆ ಹುಡುಗಿ ಹೇಗೆ ಬದುಕಿಯಾಳು? ಅದಕ್ಕೆ ಮೊದಲೇ ಕಲ್ಲು ನನ್ನದು, ನನ್ನೊಬ್ಬಳದು ಎಂದು ಎಲ್ಲರ ಎದುರು ಆಗಿಹೋಗಬೇಕು.

ಯಾರಿಗೂ ಹೇಳದೆ ಬಸ್ಸು ಹತ್ತಿ ಠಾಣೆಗೆ ಹೋದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದದ್ದು ನೋಡಿ ಒಬ್ಬ ಪೇದೆ ನಕ್ಕ. ಮೇಜಿನ ಹಿಂದಿದ್ದ ಸಾಹೇಬ ನಗಲಿಲ್ಲ. ಕೂರಿಸಿ ಕೇಳಿದ.

"ಕಲ್ಲು ಎಲ್ಲೈತಿ ಅಜ್ಜಿ?"

"ಎತ್ತಿ ಒಗದಾರ್ರಿ."

"ಯಾರು?"

ದ್ಯಾಮಕ್ಕ ಬಾಯಿ ತೆರೆದಳು. ಕೊಟ್ರಬಸಪ್ಪನ ಮುಖ ಕಣ್ಣೆದುರು ಬಂತು. ಅವತ್ತು ಆಂಬುಲೆನ್ಸಿಗೆ ಮಗನನ್ನು ಎತ್ತಿ ಹಾಕಿದವರ ಮುಖಗಳೂ ಬಂದವು. ಎತ್ತಿ ಹಾಕಿದವರೂ, ಕಲ್ಲು ಎಸೆದವರೂ ಅವರೇ. ಬಾಯಿ ಮುಚ್ಚಿದಳು.

"ನೋಡಜ್ಜಿ, ಇದು ಮುಗಿದ ಕೇಸು. ಈಗ ತೆಗೆದ್ರ ನಿನ್ನ ಮ್ಯಾಲ ಹಾಕಬೇಕು, ಕಲ್ಲು ಎತ್ತಿದವ್ರ ಮ್ಯಾಲ ಹಾಕಬೇಕು. ಊರಿಗೂರು ಬಂದು ಇಲ್ಲಿ ಕುಂದ್ರಬೇಕಾಗತೈತಿ. ನಿನ್ನ ಮಗ ಎದ್ದು ಕುಂದ್ರತಾನೇನು? ಹೋಗು, ಅವನ್ನ ನೋಡ್ಕೋ." ಬಸ್ಸಿಗೆ ಹತ್ತಿಸಿ ಬಾ ಎಂದು ಅದೇ ಪೇದೆಯನ್ನು ಜೊತೆಗೆ ಕಳಿಸಿದ. ಬೈದಿದ್ದರೆ ಅವಳು ಹಟ ಮಾಡುತ್ತಿದ್ದಳೇನೋ. ಒಳ್ಳೆಯ ಮಾತಿನ ಎದುರು ಅವಳ ಕೈ ಸೋತಿತು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಗೀತಮ್ಮ ಗಂಡನ ಬಟ್ಟೆ ಹಿಂಡುತ್ತಾ ತಲೆ ಎತ್ತದೆ ಕೇಳಿದಳು.

"ನನಗೊಂದು ಮಾತು ಹೇಳಿ ಹೋಗಾಕ ಆಗಲಿಲ್ಲೇನ್ರಿ ಅತ್ತಿ?"

"ಅವನ ಹೆಸರು ಕೆಟ್ಟು ಕುಂತೈತಿ ಗೀತಿ."

"ಹೆಸರು ತಗಂಡು ನಾನೇನು ಮಾಡ್ಲಿ? ಅವರನ್ನ ಮಗ್ಗಲಿಗೆ ಹೊಳ್ಳಿಸಾಕ ನನ್ನವೆರಡು ಕೈ ಸಾಲವಲ್ಲವು. ನೀವು ಒಳಗ ಹೋಗಿ ಕುಂತ್ರ ತಲಿ ಕಡೆ ಯಾರು ಹಿಡೀತಾರ, ಹೇಳ್ರಿ." ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡಿದಳು. ನೀರು ಬರುವುದು ಯಾವಾಗಲೋ ನಿಂತಿತ್ತು.

ವರ್ಷ ತಿರುಗಿತು. ಮತ್ತೆ ಜನವರಿ, ಮತ್ತೆ ಹುರುಳಿ. ಊರಿನ ಶಾಲೆಯಲ್ಲಿ ರಸ್ತೆ ಸುರಕ್ಷತೆಯ ಕಾರ್ಯಕ್ರಮ ಇಟ್ಟರು. ಪಟ್ಟಣದಿಂದ ಬಂದ ಅಧಿಕಾರಿ ಗೋಡೆಯ ಮೇಲೆ ಚಿತ್ರ ಬಿಟ್ಟು, ದನಿ ಏರಿಸದೆ ಹೇಳಿದರು: "ಇಡೀ ಜಗತ್ತಿನಲ್ಲಿ ಪ್ರತಿ ವರ್ಷ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸಾಯ್ತಾರೆ. ಯುದ್ಧ ಅಂದರೆ ಹೆದರ್ತೀವಿ, ವಿಮಾನ ಬಿದ್ದರೆ ವಾರಗಟ್ಟಲೆ ಟಿ.ವಿ. ನೋಡ್ತೀವಿ. ಇದು ದಿನಾ ಆಗುತ್ತೆ, ಅದಕ್ಕೇ ಕಾಣೋದಿಲ್ಲ. ಎಷ್ಟೋ ದೇಶಗಳಲ್ಲಿ ಈ ಸಾವು ಕಡಿಮೆ ಆಗ್ತಾ ಬಂದಿದೆ. ನಮ್ಮಲ್ಲಿ ಕಡಿಮೆ ಆಗ್ತಿಲ್ಲ. ಹೋಗೋರು ಯಾರು? ದುಡಿಯೋ ವಯಸ್ಸಿನವರು, ದ್ವಿಚಕ್ರದವರು." ಕಾರಣಗಳನ್ನೂ ಓದಿದರು. ಅತಿವೇಗ, ಕುಡಿತ, ಹೆಲ್ಮೆಟ್ ಇಲ್ಲದಿರುವುದು, ಮೊಬೈಲು. ಮೊಬೈಲ್ ಎಂದಾಗ ಮಕ್ಕಳ ಸಾಲಿನಲ್ಲಿ ಕೆಲವರು ತಿರುಗಿ, ಅಂಗನವಾಡಿ ಮಕ್ಕಳ ಜೊತೆ ಕುಳಿತಿದ್ದ ದುರ್ಗಿಯ ಕಡೆ ನೋಡಿದರು.

ಹಿಂದೆ ಗೋಡೆಗೆ ಒರಗಿ ಕುಳಿತಿದ್ದ ದ್ಯಾಮಕ್ಕ ಎದ್ದು ನಿಂತಳು.

"ಸಾಹೇಬ್ರ, ಆ ಹನ್ನೊಂದು ಲಕ್ಷದಾಗ ನನ್ನ ಮಗ ಅದಾನೇನ್ರಿ?"

"ಯಾವಾಗ ತೀರಿಕೊಂಡರಮ್ಮ?"

"ತೀರಿಲ್ರಿ. ಮನ್ಯಾಗ ಅದಾನ. ಅಲ್ಲಾಡಂಗಿಲ್ಲ."

"ಹಾಗಾದರೆ ಇದರಲ್ಲಿ ಬರೋದಿಲ್ಲಮ್ಮ." ಅವರ ದನಿ ಮೆತ್ತಗಾಯಿತು. "ಇದು ಸತ್ತವರ ಲೆಕ್ಕ. ಗಾಯಗೊಂಡವರು ಕೋಟಿಗಟ್ಟಲೆ ಇದ್ದಾರೆ, ಅವರದು ಬೇರೆ. ಅದರಲ್ಲಿ ಎಷ್ಟೋ ಜನರದು ಬರೆದೇ ಇರೋದಿಲ್ಲ."

"ಮತ್ತ ನೀವು ಕಾರಣ ಅಂತ ಓದಿದ್ರಲ್ರಿ, ಅದ್ರಾಗ ಕಲ್ಲು ಬರಲಿಲ್ಲಲ್ರಿ."

"ಯಾವ ಕಲ್ಲಮ್ಮ?"

ಊರಿಗೆ ಊರೇ ನೆಲ ನೋಡುತ್ತಿತ್ತು. ಕೊಟ್ರಬಸಪ್ಪ ಮೆಲ್ಲಗೆ ಎದ್ದು, "ಮಗನ ಚಿಂತಿಯಾಗ ಏನೋ ಕೇಳ್ತಾಳ್ರಿ ಸಾಹೇಬ್ರ. ನೀವು ಮುಂದ ಹೇಳ್ರಿ" ಎಂದ. ದ್ಯಾಮಕ್ಕ ಅವನನ್ನೇ ನೋಡಿದಳು. ಅವನು ನೋಡಲಿಲ್ಲ. ಅವಳು ಕುಳಿತಳು.

ಮಕ್ಕಳು ಕೈ ಚಾಚಿ ಪ್ರತಿಜ್ಞೆ ಮಾಡಿದರು. ಚಪ್ಪಾಳೆಯಾಯಿತು. ಅಧಿಕಾರಿಯ ಜೀಪು ಹೊರಟಾಗ ಶಾಲೆಯ ಮುಂದೆ ಹುರುಳಿ ಹಾಸಿತ್ತು, ಆಚೆ ಬದಿಗೆ ಕಲ್ಲಿನ ಸಾಲಿತ್ತು. ಡ್ರೈವರು ರೂಢಿಯಂತೆ ಕಲ್ಲು ತಪ್ಪಿಸಿ ಹುರುಳಿಯ ಮೇಲೆ ಹಾಯಿಸಿಕೊಂಡು ಹೋದ. ಹಿಂದಿನ ಸೀಟಿನಲ್ಲಿ ಅಧಿಕಾರಿ ಫೋನಿನಲ್ಲಿ ಮಾತಾಡುತ್ತಿದ್ದರು.

ಎರಡು ದಿನದ ಮೇಲೆ ಗೀತಮ್ಮ ಹುರುಳಿಯ ಹೊರೆ ತಲೆಗಿಟ್ಟುಕೊಂಡು ಬಾಗಿಲು ದಾಟಿದಳು. ದ್ಯಾಮಕ್ಕ ಅಡ್ಡ ನಿಂತಳು.

"ರಸ್ತಿಗೆ ಬ್ಯಾಡ ಯವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

"ಮತ್ತ ಎಲ್ಲಿ ಹಾಕ್ಲಿ ಅತ್ತಿ? ಅಂಗಳದಾಗ ಕೋಲಿಲೆ ಬಡಿಯೋಣ ಅಂದ್ರ ಬಡಿಯೋರು ಯಾರು? ನಾನು ಬಡಿತಾ ಕುಂತ್ರ ಅವರನ್ನ ನೋಡೋರು ಯಾರು? ನಿಮ್ಮ ರಟ್ಟಿಯಾಗ ಕಸುವೈತೇನು?"

ನ್ಯಾಯದ ಮಾತೇ. ದ್ಯಾಮಕ್ಕ ಪಕ್ಕಕ್ಕೆ ಸರಿದಳು. ಆದರೆ ಹುಣಸೆಮರದ ಕೆಳಗೆ ಬೆಳೆ ಹಾಸಿ ಗೀತಮ್ಮ ಕಲ್ಲು ಹುಡುಕಲು ಹೋದಾಗ, ದ್ಯಾಮಕ್ಕ ರಸ್ತೆಯ ಖಾಲಿ ಅರ್ಧಕ್ಕೆ ನಡೆದುಹೋಗಿ, ಕಲ್ಲಿರಬೇಕಾದ ಜಾಗದಲ್ಲಿ ಕಾಲು ಚಾಚಿ ಕುಳಿತುಬಿಟ್ಟಳು.

"ಏನ್ರಿ ಅತ್ತಿ ಇದು?"

"ನಾನ ಕುಂದ್ರತೀನಿ. ಕಲ್ಲು ಬ್ಯಾಡ. ಹೊತ್ತು ಮುಳುಗಿದ ಮ್ಯಾಲ ನಾನು ಎದ್ದು ಬರ್ತೀನಿ. ಕಲ್ಲು ಎದ್ದು ಬರಂಗಿಲ್ಲ."

ದಿನವಿಡೀ ಕುಳಿತಳು. ಬಸ್ಸು, ಲಾರಿ, ಟ್ರ್ಯಾಕ್ಟರು ಎಲ್ಲವೂ ಮುದುಕಿಯನ್ನು ತಪ್ಪಿಸಿ ಹುರುಳಿಯ ಮೇಲೆ ಹಾಯ್ದವು. "ಏ ಮುದುಕಿ, ಸಾಯಾಕ ನನ್ನ ಗಾಡೀನ ಬೇಕಾತೇನು?" ಎಂದು ಒಬ್ಬ ಕೂಗಿದ. ಹಳೆಯ ಬಸ್ ಡ್ರೈವರೊಬ್ಬ ಗುರುತು ಹಿಡಿದು ನಿಲ್ಲಿಸಿ, "ಯಾಕ ಬೇ ದ್ಯಾಮಕ್ಕ, ಇವತ್ತು ಬೈಗುಳಾನೂ ಇಲ್ಲ, ಆಶೀರ್ವಾದಾನೂ ಇಲ್ಲ?" ಎಂದ. ಅವಳು ಕೈಯಾಡಿಸಿ ಮುಂದೆ ಹೋಗು ಎಂದಳು.

ಮಧ್ಯಾಹ್ನ ಅಂಗನವಾಡಿ ಬಿಟ್ಟು ದುರ್ಗಿ ಅಂಚಿನಲ್ಲಿ ಬಂದು ನಿಂತಳು.

"ಅಜ್ಜಿ, ಯಾಕ ಅಲ್ಲಿ ಕುಂತೀಯ?"

"ಇಲ್ಲಿ ಕಲ್ಲು ಇಡಬಾರದು ಅಂತ."

"ಯಾಕ?"

ದ್ಯಾಮಕ್ಕ ಸುತ್ತ ನೋಡಿದಳು. ಯಾರೂ ಇರಲಿಲ್ಲ. "ನಿಮ್ಮಪ್ಪ ಕಲ್ಲಿಗೆ ಬಡಿದು ಬಿದ್ದ ಕೂಸ. ನಾನು ಇಟ್ಟ ಕಲ್ಲಿಗೆ."

"ಸುಳ್ಳು," ಎಂದಳು ದುರ್ಗಿ. "ಅಪ್ಪ ಮೊಬೈಲ್ ನೋಡಿ ಬಿದ್ದ. ಮೊಬೈಲ್ ನೋಡಿದ್ರ ಅಪ್ಪನ ಹಂಗ ಆಗತೈತಿ, ನಾನು ನೋಡಂಗಿಲ್ಲ. ಕೈ ಮುಂದ ಮಾಡಿ ಹೇಳೀನಿ."

"ಇಲ್ಲ ಕೂಸ. ನನ್ನಾಣಿಗೂ..."

"ಎಲ್ಲಾರೂ ಹೇಳ್ಯಾರ. ನಿನಗ ಗೊತ್ತಿಲ್ಲ." ಮಗು ಮನೆಯ ಕಡೆ ಓಡಿತು.

ದ್ಯಾಮಕ್ಕ ಮತ್ತೆ ಕರೆಯಲಿಲ್ಲ. ಠಾಣೆಯಲ್ಲಿ ಆಗದ್ದು, ಶಾಲೆಯಲ್ಲಿ ಆಗದ್ದು ಈ ಎಳೆಯ ಜೀವದ ಹತ್ತಿರವಾದರೂ ಆದೀತು ಎಂದು ಒಂದು ನೂಲೆಳೆ ಉಳಿದಿತ್ತು. ಅದೂ ಹರಿಯಿತು.

ಹೊತ್ತು ಇಳಿಯಿತು. ಗೀತಮ್ಮ ಹುರುಳಿ ಗುಡಿಸಿ ಚೀಲಕ್ಕೆ ತುಂಬಿ ಮನೆಗೆ ಸಾಗಿಸಿ, ಗಂಡನ ಮುಖ ಒರೆಸಿ ವಾಪಸು ಬಂದಳು. ಮಬ್ಬಾಗಿತ್ತು. ಅತ್ತೆ ಹುಣಸೆಮರದ ಹತ್ತಿರ ಇರಲಿಲ್ಲ. ಅಷ್ಟು ದೂರದಲ್ಲಿ, ಶಾಲೆಯ ಮುಂದೆ, ಕೊಟ್ರಬಸಪ್ಪ ಬಿಟ್ಟುಹೋದ ಕಲ್ಲಿನ ಸಾಲಿನಲ್ಲಿ ಇನ್ನೊಂದು ಕಲ್ಲಿನ ಹಾಗೆ ಕುಳಿತಿದ್ದಳು.

"ನೋಡು, ಹಂಗ ಬಿಟ್ಟು ಹೋಗ್ಯಾನ," ಎಂದಳು ದ್ಯಾಮಕ್ಕ. "ಎತ್ತಾಕ ನೋಡಿದೆ. ಮಿಸುಕಲಿಲ್ಲ."

ಗೀತಮ್ಮ ಸೆರಗು ಸಿಕ್ಕಿಸಿ ಬಾಗಿದಳು. ಒಂದೊಂದೇ ಕಲ್ಲನ್ನು ಉರುಳಿಸಿ ಚರಂಡಿಗೆ ತಳ್ಳಿದಳು. ಕೊನೆಯ ಕಲ್ಲು ಬಿದ್ದ ಮೇಲೆ ಅಲ್ಲೇ ರಸ್ತೆಯ ಅಂಚಿನಲ್ಲಿ, ಅತ್ತೆಯನ್ನೂ ಎಳೆದು ಕೂರಿಸಿಕೊಂಡು ಕುಳಿತಳು. ಅಂಗೈ ತರಚಿತ್ತು. ಅದನ್ನೇ ನೋಡಿಕೊಂಡು ಹೇಳಿದಳು.

"ಅವತ್ತು ನೀವು ಎತ್ತಾಕ ಬಾಗಿದ್ರಿ. ಬಿಡ್ರಿ ಅತ್ತಿ ಅಂದಾಕಿ ನಾನು."

ದ್ಯಾಮಕ್ಕ ಸೊಸೆಯ ಕಡೆ ತಿರುಗಿದಳು. ಹಾಗಾದರೆ ಇಷ್ಟು ದಿನವೂ ಈಕೆಗೆ ನೆನಪಿತ್ತು. ಮಗ್ಗುಲು ಬದಲಿಸುವಾಗ, ನಳಿಕೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಎಲ್ಲ ಹೊತ್ತಿನಲ್ಲೂ.

"ನೀ ಯಾವಾಗ ಅಂದಿ?" ಎಂದಳು. "ನನಗ ನೆನಪಿಲ್ಲಲ್ಲ."

"ಅಂದೀನಿ ಅತ್ತಿ."

"ಅಂದಿಲ್ಲ ಗೀತಿ. ನನಗ ಸೊಂಟ ಹಿಡಿದಿತ್ತು, ನಾನ ಬಿಟ್ಟೆ. ನೀನು ಕೂಸು ಎತ್ತಿಕೊಂಡು ಮುಂದ ಹೋಗಿದ್ದಿ. ನಿನಗ ತಲಿ ಕೆಟ್ಟು ಹಂಗ ಅನಿಸಿರಬೇಕು."

ಗೀತಮ್ಮ ಅತ್ತೆಯ ಮುಖ ನೋಡಿದಳು. ಮಬ್ಬಿನಲ್ಲೂ ಸುಳ್ಳು ಕಾಣುವಷ್ಟು ಬೆಳಕಿತ್ತು. ಅತ್ತೆಯ ಮೊಣಕಾಲಿನ ಮೇಲೆ ತಲೆಯಿಟ್ಟಳು. ಅತ್ತಳೋ ಇಲ್ಲವೋ ದ್ಯಾಮಕ್ಕನಿಗೂ ತಿಳಿಯಲಿಲ್ಲ, ಸೀರೆ ಒದ್ದೆಯಾಗಲಿಲ್ಲ.

ಕೂಡ್ಲಿಗಿಯ ಕಡೆಯಿಂದ ಒಂದು ಬೈಕು ಬಂತು. ಯಾರದೋ ಮಗ, ಯಾರದೋ ಗಂಡ. ಬೆಳಕು ಇಬ್ಬರ ಮೇಲೆ ಬಿದ್ದು ಸರಿಯಿತು. ತಿರುವು ದಾಟಿತು, ಮೋರಿ ದಾಟಿತು, ಹುಣಸೆಮರ ದಾಟಿತು. ಅಲ್ಲಿಂದಾಚೆ ಮುಂದಿನ ಊರಿನವರ ಹುರುಳಿ, ಅವರ ಕಲ್ಲುಗಳು. ಅದರಾಚೆ ಇನ್ನೊಂದು ಊರಿನವು. ಇಬ್ಬರೂ ಉಸಿರು ಹಿಡಿದು ಕೇಳಿದರು. ಸದ್ದು ದೂರವಾಗುವುದಕ್ಕೂ ನಿಂತುಹೋಗುವುದಕ್ಕೂ ಇರುವ ವ್ಯತ್ಯಾಸ ಅವರ ಕಿವಿಗೆ ಚೆನ್ನಾಗಿ ಗೊತ್ತಿತ್ತು. ದೂರವಾಯಿತು.

"ಹೊಳ್ಳಿಸೋ ಹೊತ್ತಾತು ಅತ್ತಿ," ಎಂದು ಗೀತಮ್ಮ ಎದ್ದಳು.

"ನಡಿ. ತಲಿ ಕಡೆ ನಾನು ಹಿಡೀತೀನಿ."

ನಾಲ್ಕು ಹೆಜ್ಜೆ ನಡೆದಿದ್ದರೋ ಇಲ್ಲವೋ, ಹಿಂದೆ ಮತ್ತೊಂದು ಗಾಡಿಯ ಸದ್ದು ಕೇಳಿಸಿತು. ಇಬ್ಬರೂ ನಿಂತರು.